ಸಿಟ್ಟಿನ ರೈಲು, ಪಾಠದ ರೈಲು



ಧಾರವಾಡದ ಸಪ್ತಾಪುರದ ಕಡೆ ಮುಂಜಾನೆ ನಡೆದು ಹೋದರೆ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಎದುರಾಗುತ್ತಾರೆ. ರಾಯಚೂರಿನವರು, ಕೊಪ್ಪಳದವರು, ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳವರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಒಂದಲ್ಲ ಒಂದು ಪರೀಕ್ಷೆಗೆ ಓದುತ್ತಿರುವವರು. ಪರೀಕ್ಷೆಯ ದಿನಾಂಕ ಮುಂದಕ್ಕೆ ಹೋಗುತ್ತದೆ, ಫಲಿತಾಂಶ ತಡವಾಗುತ್ತದೆ, ವಯೋಮಿತಿ ಹತ್ತಿರ ಬರುತ್ತದೆ, ನಡುನಡುವೆ ಊರಿನಿಂದ ಅಪ್ಪನ ಫೋನು. ಸಿಟ್ಟು ಬರದೆ ಇದ್ದೀತೇ? ಇವರಿಗೆ ‘ತಾಳ್ಮೆ ಇರಲಿ’ ಎನ್ನುವವರಿಗೆ ಕೊರತೆಯಿಲ್ಲ. ಆ ತಾಳ್ಮೆಯನ್ನು ಕಲಿಯುವುದು ಹೇಗೆ, ಕಲಿಯುವಷ್ಟು ಕಾಲ ಸಿಟ್ಟನ್ನು ಎಲ್ಲಿಡುವುದು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲು ಹಳಿಯ ಮೇಲೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕುಂದಗೋಳವಿದೆ. ಆ ಊರಿನ ಹಿಂದುಸ್ತಾನಿ ಗಾಯಕ ರಾಮಭಾವು ಕುಂದಗೋಳಕರರನ್ನು ಲೋಕ ಸವಾಯಿ ಗಂಧರ್ವರೆಂದು ಕರೆಯಿತು. 1930ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಮುಂದೆ ಕುಳಿತು ಕಲಿತ ಇಬ್ಬರು ಶಿಷ್ಯರ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಬ್ಬರು ಭೀಮಸೇನ ಜೋಶಿ, ಇನ್ನೊಬ್ಬರು ಗಂಗೂಬಾಯಿ ಹಾನಗಲ್. ಇಬ್ಬರಿಗೂ ಸಿಟ್ಟಾಗಲು ಕಾರಣಗಳಿದ್ದವು. ಒಬ್ಬರ ಕಾರಣ ಚಿಕ್ಕದು, ಇನ್ನೊಬ್ಬರದು ಬಹಳ ದೊಡ್ಡದು.

ಚಿಕ್ಕ ಕಾರಣದಿಂದ ಶುರು ಮಾಡೋಣ. ಭೀಮಸೇನರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹದಿನಾರು ಮಕ್ಕಳಲ್ಲಿ ಭೀಮಸೇನರೇ ಹಿರಿಯರು. ಭಜನೆಯ ಮೇಳ, ಬ್ಯಾಂಡಿನ ಮೆರವಣಿಗೆ ಯಾವುದು ಬೀದಿಯಲ್ಲಿ ಹೊರಟರೂ ಈ ಹುಡುಗ ಅದರ ಬೆನ್ನು ಹತ್ತುತ್ತಿದ್ದ. ದಣಿದಾಗ ಎಲ್ಲೋ ಒಂದು ಕಡೆ ಮಲಗಿ ನಿದ್ದೆ ಹೋಗುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು. ಸಿಕ್ಕವರು ಮನೆಗೆ ಮುಟ್ಟಿಸಲಿ ಎಂದು. ಆ ತಂದೆಯ ಉಪಾಯದಲ್ಲಿ ಸಿಟ್ಟಿಲ್ಲದಿರುವುದನ್ನು ಗಮನಿಸಿ. ಮಗ ಹೋಗಿಯೇ ಹೋಗುತ್ತಾನೆ ಎಂಬುದನ್ನು ಒಪ್ಪಿಕೊಂಡು, ಅವನು ಕಳೆದುಹೋಗದಂತೆ ಏನು ಮಾಡಬಹುದೋ ಅದನ್ನು ಮಾಡಿದರು. ಮಕ್ಕಳ ವಿಷಯದಲ್ಲಿ ತಾಳ್ಮೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಅಂಗಿಯನ್ನು ತೋರಿಸುತ್ತೇನೆ.

ಆದರೆ ಮಗನಿಗೆ ಆ ಗುಣ ಬಂದಿರಲಿಲ್ಲ. ಗಾಯಕ ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮರಿಯ ಗ್ರಾಮಫೋನ್ ತಟ್ಟೆಯನ್ನು ಕೇಳಿದಂದಿನಿಂದ ತಾನೂ ಹಾಗೆಯೇ ಹಾಡಬೇಕು ಎಂಬ ಹಟ ಹತ್ತಿತ್ತು. ಕಲಿಸುವ ಗುರು ಬೇಕಾಗಿತ್ತು, ಅದೂ ಈಗಲೇ ಬೇಕಾಗಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ತಾಯಿ ಇನ್ನೊಂದು ಚಮಚ ತುಪ್ಪ ಹಾಕಲಿಲ್ಲವೆಂದು ಮುನಿದು ಎದ್ದ ಹುಡುಗ ಮನೆಯನ್ನೇ ಬಿಟ್ಟ ಎಂಬ ಮಾತು ಪ್ರಸಿದ್ಧವಾಗಿದೆ. 1933, ವಯಸ್ಸು ಹನ್ನೊಂದು. ಮಕ್ಕಳು ತುಂಬಿದ ಮನೆಯಲ್ಲಿ ತುಪ್ಪದ ಗಿಂಡಿಗೆ ಇರುವ ಕಷ್ಟ ಆ ತಾಯಿಗೇ ಗೊತ್ತು. ಹುಡುಗನ ಸಿಟ್ಟು ನಿಜವಾಗಿಯೂ ತುಪ್ಪದ ಮೇಲಿರಲಿಲ್ಲ ಎಂಬುದನ್ನು ನಾವು ಊಹಿಸಬಹುದು. ಬಹುತೇಕ ಸಿಟ್ಟುಗಳು ಹೀಗೆಯೇ. ನೋವು ಒಂದು ಕಡೆ ಇರುತ್ತದೆ, ಸಿಡಿಯುವುದು ಇನ್ನೊಂದು ಕಡೆ. ಪರೀಕ್ಷೆ ಮುಂದಕ್ಕೆ ಹೋದ ದಿನ ನಾವು ಜಗಳವಾಡುವುದು ಕೋಣೆಯ ಗೆಳೆಯನ ಜೊತೆಗೆ, ಮೆಸ್ಸಿನ ಸಾರಿನ ವಿಷಯಕ್ಕೆ. ಆ ಹೊತ್ತಿನಲ್ಲಿ ‘ನನಗೆ ಬೇಕಾದದ್ದು ತುಪ್ಪವೋ, ಗುರುವೋ?’ ಎಂದು ಕೇಳಿಕೊಳ್ಳಲು ಬಂದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಮುಂದಿನದು ರೈಲುಗಳ ಕಥೆ. ಟಿಕೆಟಿಲ್ಲದೆ ಹತ್ತಿ, ಜೊತೆಗಿದ್ದ ಪ್ರಯಾಣಿಕರಿಗೆ ಹಾಡು ಹೇಳಿ, ಅವರು ಕೊಟ್ಟದ್ದನ್ನು ತಿಂದು ಆ ಹುಡುಗ ಪುಣೆಗೆ ಹೋದ, ಗ್ವಾಲಿಯರ್‌ಗೆ ಹೋದ. ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಗ್ವಾಲಿಯರ್ ಮಹಾರಾಜರ ಮಾಧವ ಸಂಗೀತ ಶಾಲೆ ಸೇರಿದ. ಅಲ್ಲಿಯೂ ನಿಲ್ಲಲಿಲ್ಲ. ಲಖನೌ, ರಾಂಪುರ, ದಿಲ್ಲಿ, ಕಲಕತ್ತೆ ಎಂದು ಸುಮಾರು ಮೂರು ವರ್ಷ ಅಲೆದಾಟ. ಕೊನೆಗೆ ಪಂಜಾಬಿನ ಜಾಲಂಧರ. ಅಲ್ಲಿನ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರು ಹುಡುಗನನ್ನು ವಿಚಾರಿಸಿ, ನಿಮ್ಮ ಊರಿನ ಬದಿಯಲ್ಲೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಯಾಕೆ ಬಂದೆ ಎಂದರು. ತಂದೆಯೂ ಹುಡುಕಿಕೊಂಡು ಜಾಲಂಧರಕ್ಕೇ ಬಂದು ಮಗನನ್ನು ಕರೆದುಕೊಂಡು ಹೋದರು.

ಆ ಅಲೆದಾಟವನ್ನು ನಾನು ಪೂರ್ತಿ ವ್ಯರ್ಥ ಎನ್ನಲಾರೆ. ದೇಶದ ಹತ್ತಾರು ಕಂಠಗಳನ್ನು ಆ ಹುಡುಗ ಕೇಳಿದ, ಮುಂದೆ ಅವರ ಗಾಯನದಲ್ಲಿ ಅದರ ಗುರುತುಗಳು ಉಳಿದವು. ಸಿಟ್ಟಿನ ಬಲದಿಂದಲೇ ಆ ಹುಡುಗ ಮನೆಯ ಹೊಸ್ತಿಲು ದಾಟಿದ ಎಂಬುದೂ ನಿಜ. ಆದರೆ ಸಿಟ್ಟಿಗೆ ಹೊರಡುವುದಷ್ಟೇ ಗೊತ್ತು. ಗ್ವಾಲಿಯರ್‌ನಲ್ಲಿ ಪಾಠ ನಿಧಾನವೆನಿಸಿದಾಗ ಅದು ಇನ್ನೊಂದು ರೈಲು ಹತ್ತಿಸುತ್ತದೆ, ಅಲ್ಲಿಂದ ಮತ್ತೊಂದು. ಒಂದು ಪುಸ್ತಕ ಮುಗಿಯುವ ಮೊದಲೇ ಇನ್ನೊಂದು ಪುಸ್ತಕ, ಒಂದು ಕೋಚಿಂಗ್ ಬಿಟ್ಟು ಇನ್ನೊಂದು ಕೋಚಿಂಗ್, ಬ್ಯಾಂಕಿನ ಪರೀಕ್ಷೆ ಬಿಟ್ಟು ರೈಲ್ವೆ ಪರೀಕ್ಷೆ ಎಂದು ತಿರುಗುವ ನಮ್ಮ ಮಕ್ಕಳ ಮನಸ್ಸಿನಲ್ಲಿ ಓಡುತ್ತಿರುವುದೂ ಇದೇ ರೈಲು.

1936ರಲ್ಲಿ ಸವಾಯಿ ಗಂಧರ್ವರು ಭೀಮಸೇನರನ್ನು ಶಿಷ್ಯರನ್ನಾಗಿ ಒಪ್ಪಿಕೊಂಡರು. ದೇಶ ಸುತ್ತಿ ಬಂದ ಹದಿನಾಲ್ಕರ ಹುಡುಗ ಈಗಲಾದರೂ ಹಾಡು ಸಿಕ್ಕೀತು ಎಂದು ಕಾದಿದ್ದರೆ ಮೊದಮೊದಲು ಸಿಕ್ಕದ್ದು ಮನೆಗೆಲಸ. ನೀರು ಹೊರುವುದು, ಗುರುಗಳ ಬೇಕು ಬೇಡ ನೋಡುವುದು, ಅವರು ಬೇರೆಯವರಿಗೆ ಹೇಳಿಕೊಡುವುದನ್ನು ಮೂಲೆಯಲ್ಲಿ ಕುಳಿತು ಕೇಳುವುದು. ಆಮೇಲೆ ಪಾಠ ಶುರುವಾದಾಗಲೂ ರಾಗಗಳ ರಾಶಿ ಬರಲಿಲ್ಲ. ಮುಂಜಾನೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಮರುದಿನ ಮತ್ತೆ ತೋಡಿ, ಮುಲ್ತಾನಿ, ಪೂರಿಯಾ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಮಾತಿನ ತಿರುಳು ನನಗೆ ಕಂಡಿರುವುದು ಇಲ್ಲಿಯೇ. ಹನ್ನೊಂದರ ವಯಸ್ಸಿನಲ್ಲಿ ತುಪ್ಪಕ್ಕೆ ಮುನಿದು ಹೊರಟವನು ಹದಿನಾಲ್ಕಕ್ಕೆ ನೀರಿನ ಕೊಡ ಹೊತ್ತುಕೊಂಡು ಕುಂದಗೋಳದಲ್ಲಿ ಹೇಗೆ ನಿಂತ? ಸ್ವಭಾವ ಒಂದೇ ದಿನದಲ್ಲಿ ಬದಲಾಗಲಿಲ್ಲ. ದಿನಕ್ಕೆ ಒಂದು ಕಟ್ಟು ಬಂತು. ಮುಂಜಾನೆಗೆ ಇಂಥ ಕೆಲಸ, ಮಧ್ಯಾಹ್ನಕ್ಕೆ ಇಂಥದ್ದು, ಸಂಜೆಗೆ ಇಂಥದ್ದು ಎಂದು ಗೊತ್ತಾಯಿತು. ‘ನಾನು ಯಾವಾಗ ಅಬ್ದುಲ್ ಕರೀಂ ಖಾನರ ಹಾಗೆ ಹಾಡುತ್ತೇನೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಅದನ್ನು ನೆನೆದಷ್ಟೂ ಮೈ ಉರಿಯುತ್ತದೆ. ‘ಇವತ್ತಿನ ತೋಡಿಯಲ್ಲಿ ಗಾಂಧಾರ ಸರಿಯಾಗಿ ಕೂತಿತೇ?’ ಎಂಬ ಪ್ರಶ್ನೆಗೆ ಮುಂಜಾನೆಯೇ ಉತ್ತರ ಸಿಗುತ್ತದೆ. ತೋಡಿಯ ಗಾಂಧಾರ ಬಹಳ ಕೆಳಗೆ, ಬಹಳ ನಾಜೂಕಾಗಿ ನಿಲ್ಲಬೇಕಾದ ಸ್ವರ. ಕೋಪದಲ್ಲಿ ಉಸಿರು ಹೆಚ್ಚುಕಡಿಮೆಯಾದರೆ ಅದು ಕೂಡುವುದೇ ಇಲ್ಲ. ಹಾಡಲು ಕುಳಿತವನು ಸಿಟ್ಟನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ, ಸ್ವರವೇ ಹೇಳುತ್ತದೆ.

ಸವಾಯಿ ಗಂಧರ್ವರು ಕಲಿಸುತ್ತಿದ್ದ ಕಿರಾಣಾ ಘರಾಣೆಯ ಹಾಡಿಕೆಯ ರೀತಿಯನ್ನೂ ಸ್ವಲ್ಪ ಹೇಳಬೇಕು. ವಿಲಂಬಿತ, ಅಂದರೆ ನಿಧಾನಗತಿಯ, ಏಕತಾಳದಲ್ಲಿ ಹನ್ನೆರಡು ಮಾತ್ರೆಗಳ ಒಂದು ಆವರ್ತನೆ ಮುಗಿಯಲು ಸುಮಾರು ಒಂದು ನಿಮಿಷ ಹಿಡಿಯುವುದುಂಟು. ಗಾಯಕರು ಕೆಳಗಿನ ಸ್ವರಗಳಿಂದ ಹೊರಟು ಒಂದೊಂದೇ ಸ್ವರಕ್ಕೆ ಬರುತ್ತಾರೆ. ಬಂದ ಸ್ವರದ ಮೇಲೆ ನಿಂತು, ಅದನ್ನು ಎಲ್ಲ ಬದಿಯಿಂದ ತೋರಿಸಿ, ಮತ್ತೆ ಆವರ್ತನೆಯ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಸೇರುತ್ತಾರೆ. ಮೇಲಿನ ಷಡ್ಜ ಕಣ್ಣೆದುರಿಗೇ ಇರುತ್ತದೆ, ಆದರೆ ಗಾಯಕರು ಅದನ್ನು ಮುಟ್ಟುವುದಿಲ್ಲ. ನಿಷಾದದ ತನಕ ಹೋಗಿ ಹಿಂದಕ್ಕೆ ಬರುತ್ತಾರೆ. ಹತ್ತು ಹದಿನೈದು ನಿಮಿಷದ ಮೇಲೆ ಆ ಷಡ್ಜ ಬಂದಾಗ ಸಭೆಯ ಮೈ ಜುಮ್ಮೆನ್ನುತ್ತದೆ. ಮೊದಲ ನಿಮಿಷದಲ್ಲೇ ಅದನ್ನು ಹಾಡಿಬಿಟ್ಟರೆ ಅದೇ ಸ್ವರ, ಅದೇ ಕಂಠ, ಆದರೆ ಯಾರಿಗೂ ಏನೂ ಆಗುವುದಿಲ್ಲ. ಗುರಿ ಎಷ್ಟು ದೊಡ್ಡದೆಂದು ಗೊತ್ತಾಗುವುದಕ್ಕೂ ದಾರಿಯಲ್ಲಿ ಅಷ್ಟು ಹೊತ್ತು ನಡೆದಿರಬೇಕು.

ಸ್ವತಃ ಸವಾಯಿ ಗಂಧರ್ವರು ಈ ದಾರಿಯಲ್ಲಿ ನಡೆದು ಬಂದವರು. ಬಾಲ್ಯ ದಾಟುವ ಹೊತ್ತಿಗೆ ಅವರ ದನಿ ಒಡೆದು ಬಿರುಸಾಯಿತು. ಅಬ್ದುಲ್ ಕರೀಂ ಖಾನರ ಬಳಿ ವರ್ಷಗಟ್ಟಲೆ ಸಾಧನೆ ಮಾಡಿ ಅದನ್ನು ಪಳಗಿಸಿಕೊಂಡರು. ತಾನು ಕಷ್ಟಪಟ್ಟು ಪಡೆದದ್ದನ್ನು ಶಿಷ್ಯರಿಗೆ ಸುಲಭವಾಗಿ ಕೊಟ್ಟರೆ ಅದು ನಿಲ್ಲದು ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಇನ್ನು ಗಂಗೂಬಾಯಿಯವರ ಕಥೆ. ಇಲ್ಲಿ ಸಿಟ್ಟಿಗೆ ಕಾರಣ ತುಪ್ಪವಲ್ಲ.

1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಮನೆತನದ ಹೆಣ್ಣುಮಗಳನ್ನು ಅಂದಿನ ಧಾರವಾಡದ ಶುಕ್ರವಾರ ಪೇಟೆ ಹೇಗೆ ನೋಡುತ್ತಿತ್ತು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಚಿಕ್ಕವರಿದ್ದಾಗ ನೆರೆಯ ಶ್ರೀಮಂತರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದರಂತೆ. ತೋಟದ ಮನೆಯವರಿಗೆ ಕೋಪ ಬಂದದ್ದು ಕಾಯಿ ಹೋಯಿತೆಂದಲ್ಲ, ಹಾಡುವವಳ ಮಗಳು ತಮ್ಮ ತೋಟದಲ್ಲಿ ಕಾಲಿಟ್ಟಳಲ್ಲ ಎಂದು. ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂಬ ಕೂಗು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಹನ್ನೊಂದರ ಗಂಗೂ ಇದ್ದರು. ಅಂಥ ಸಂಭ್ರಮದಲ್ಲಿಯೂ ಆ ಮಗುವಿಗಿದ್ದ ದಿಗಿಲು, ಊಟವಾದ ಮೇಲೆ ಎಂಜಲು ತೆಗೆಯಲು ತನಗೆ ಹೇಳಿಬಿಟ್ಟಾರೇ ಎಂಬುದು.

ಇಂಥ ಅವಮಾನವನ್ನು ಉಂಡವರಿಗೆ ‘ಸಿಟ್ಟು ಮಾಡಿಕೊಳ್ಳಬೇಡ’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ನಾನಂತೂ ಹೇಳಲಾರೆ. ನ್ಯಾಯವಾದ ಸಿಟ್ಟು ಎಂಬುದು ಇದೆ. ಅದನ್ನು ಕಳೆದುಕೊಂಡ ಸಮಾಜ ಒಳ್ಳೆಯದಾಗುವುದಿಲ್ಲ. ಗಂಗೂಬಾಯಿಯವರೂ ಅದನ್ನು ಕಳೆದುಕೊಳ್ಳಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮುಸಲ್ಮಾನ ಗಾಯಕರು ಉಸ್ತಾದರಾಗುತ್ತಾರೆ, ಹಿಂದೂ ಗಾಯಕರು ಪಂಡಿತರಾಗುತ್ತಾರೆ, ಕೇಸರಬಾಯಿ, ಮೋಗುಬಾಯಿಯಂಥ ಮಹಾಗಾಯಕಿಯರು ಮಾತ್ರ ಬರೀ ಬಾಯಿಗಳಾಗಿ ಉಳಿಯುತ್ತಾರೆ ಎಂದು ಅವರು ಮುಪ್ಪಿನಲ್ಲಿಯೂ ನೇರವಾಗಿ ಹೇಳುತ್ತಿದ್ದರು. ಮಾವಿನ ತೋಟದ ಮಾತನ್ನೂ ನುಂಗಿಕೊಳ್ಳಲಿಲ್ಲ, ಅದೇ ಮನೆಯವರು ಮುಂದೆ ತಮ್ಮನ್ನು ಊಟಕ್ಕೆ ಕರೆದದ್ದನ್ನೂ ಸೇರಿಸಿ ಹೇಳಿದರು. ಆ ತೋಟದ ಕೋಪಕ್ಕೂ ಈ ಊಟಕ್ಕೂ ನಡುವೆ ಇದ್ದದ್ದು ಹತ್ತಾರು ವರ್ಷಗಳ ಸಾಧನೆ.

ಆ ಸಾಧನೆಯ ಶುರುವಾತು ಕೂಡ ವೇಗದ್ದೇ ಆಗಿತ್ತು. ಮಗಳಿಗೆ ಹಿಂದುಸ್ತಾನಿ ಸಂಗೀತ ಕಲಿಸಬೇಕೆಂದು ಕುಟುಂಬ 1928ರಲ್ಲಿ ಹುಬ್ಬಳ್ಳಿಗೆ ಬಂತು. ಮೊದಲ ಗುರು ಕೃಷ್ಣಾಚಾರ್ಯರು ಒಂದು ವರ್ಷದಲ್ಲಿ ಸುಮಾರು ಅರವತ್ತು ಚೀಜುಗಳನ್ನು, ಅಂದರೆ ಹಾಡುವ ರಚನೆಗಳನ್ನು, ಹೇಳಿಕೊಟ್ಟರು. ಆಮೇಲೆ ಫೀಸಿನ ಮಾತಿನಲ್ಲಿ ಮನಸ್ತಾಪವಾಗಿ ಬಿಟ್ಟು ಹೋದರು. 1930ರ ದಶಕದ ಮೊದಲ ಭಾಗದಲ್ಲಿ ಗ್ರಾಮಫೋನ್ ಕಂಪನಿಯ ತಟ್ಟೆಗಳೂ ಬಂದವು. ಅವುಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದು ಅಚ್ಚಾಗಿತ್ತು. ಇನ್ನೊಬ್ಬರಾಗಿದ್ದರೆ ಸಾಕಲ್ಲ, ಅರವತ್ತು ಚೀಜು ಬರುತ್ತವೆ, ತಟ್ಟೆಗಳು ಮಾರುತ್ತಿವೆ ಎಂದುಕೊಂಡು ಅಲ್ಲಿಗೇ ನಿಲ್ಲುತ್ತಿದ್ದರು. ಗಂಗೂಬಾಯಿಯವರು ಸವಾಯಿ ಗಂಧರ್ವರಲ್ಲಿ ಮತ್ತೆ ಶಿಷ್ಯೆಯಾದರು. ಹುಬ್ಬಳ್ಳಿಯಲ್ಲಿ ಮನೆ, ಮಕ್ಕಳು, ಸಂಸಾರ ನಡೆಸುವ ಹೊಣೆ. ಅದೆಲ್ಲದರ ನಡುವೆ ಕುಂದಗೋಳದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದರು. ಅರವತ್ತು ಚೀಜು ಕಲಿತು ಬಂದವರಿಗೆ ಅಲ್ಲಿ ಸಿಗುತ್ತಿದ್ದದ್ದು ನಾಲ್ಕೈದು ಸ್ವರಗಳ ಒಂದು ತುಣುಕು. ಅದನ್ನೇ ತಿರುಗಿ ತಿರುಗಿ ಹಾಡಬೇಕು, ಗುರುಗಳಿಗೆ ಒಪ್ಪಿಗೆಯಾಗುವ ತನಕ ಮುಂದಿನದಿಲ್ಲ. ಜಿಪುಣ ತನ್ನ ದುಡ್ಡನ್ನು ಎಣಿಸಿ ಎಣಿಸಿ ಬಿಚ್ಚುವಂತೆ ಸ್ವರಗಳನ್ನು ಬಳಸಬೇಕು, ಆಗಲೇ ಕೇಳುವವರಿಗೆ ಒಂದೊಂದರ ಬೆಲೆ ತಿಳಿಯುತ್ತದೆ ಎಂಬುದು ತಮಗೆ ಸಿಕ್ಕ ಪಾಠ ಎಂದು ಅವರು ನೆನೆಯುತ್ತಿದ್ದರು.

ಪಾಠ ಮುಗಿದ ಮೇಲೆ ಕತ್ತಲಲ್ಲಿ ಗಂಗೂಬಾಯಿಯವರನ್ನು ನಿಲ್ದಾಣದ ತನಕ ಮುಟ್ಟಿಸಲು ಭೀಮಸೇನರು ಜೊತೆಗೆ ನಡೆಯುತ್ತಿದ್ದರಂತೆ. ಟಿಕೆಟಿಲ್ಲದ ರೈಲುಗಳಲ್ಲಿ ದೇಶ ಸುತ್ತಿದವನು ಈಗ ಇನ್ನೊಬ್ಬರನ್ನು ರೈಲಿಗೆ ಹತ್ತಿಸಿ ತಾನು ಗುರುಮನೆಗೆ ತಿರುಗುತ್ತಾನೆ. ಇಬ್ಬರಿಗೂ ಇದು ಎಷ್ಟು ದೊಡ್ಡ ಆಸರೆಯಾಗಿತ್ತೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಒಬ್ಬನೇ ಕುಳಿತು ಕಾಯುವವನ ಮನಸ್ಸಿನಲ್ಲಿ ಸಿಟ್ಟು ಬೇಗ ಹುಳಿಯಾಗುತ್ತದೆ. ಅದೇ ಪಾಠವನ್ನು ಕಲಿಯುತ್ತ, ಅದೇ ಬೈಗುಳ ತಿನ್ನುತ್ತ ಇರುವ ಇನ್ನೊಬ್ಬರು ಪಕ್ಕದಲ್ಲಿದ್ದರೆ ಅಷ್ಟು ದೂರ ನಡೆಯುವಷ್ಟರಲ್ಲಿ ಎಷ್ಟೋ ಇಳಿಯುತ್ತದೆ. ಸಪ್ತಾಪುರದ ಮಕ್ಕಳಿಗೆ ನಾನು ಖಂಡಿತವಾಗಿ ಹೇಳುವ ಮಾತು ಇದು: ನಿಮ್ಮ ಜೊತೆ ನಡೆಯುವ ಒಬ್ಬರನ್ನು ಹುಡುಕಿಕೊಳ್ಳಿ. ನಿಮಗಿಂತ ಬೇಗ ಅವರು ಪಾಸಾದರೆ ಹೊಟ್ಟೆ ಉರಿಯಬಹುದು, ಆದರೂ ಹುಡುಕಿಕೊಳ್ಳಿ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಗುರುಮನೆಯ ಗಡುಸನ್ನು ಹೊಗಳುವುದಕ್ಕಾಗಿ ನಾನು ಈ ಕಥೆ ಹೇಳುತ್ತಿಲ್ಲ. ಕೋಪದಿಂದ ಮಗುವನ್ನು ಹೊಡೆಯುವ, ಎಲ್ಲರೆದುರು ಹಳಿಯುವ ಮಾಸ್ತರರು ಅಂದೂ ಇದ್ದರು, ಇಂದೂ ಇದ್ದಾರೆ. ಅದನ್ನು ಸಹಿಸಿಕೊಂಡದ್ದರಿಂದಲೇ ದೊಡ್ಡವರಾದರು ಎಂದು ಹೇಳುವುದು ತಪ್ಪು. ಸಹಿಸಿಕೊಂಡೂ ಏನೂ ಆಗದೆ ಹೋದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲವಲ್ಲ. ಕೆಲಸದ ನಿಧಾನಕ್ಕೆ ತಾಳ್ಮೆ ಬೇಕು. ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಂಡಿರುವುದಕ್ಕೂ ಅದೇ ಹೆಸರನ್ನು ಕೊಟ್ಟು ಮಕ್ಕಳನ್ನು ಕೂರಿಸಬಾರದು. ಪ್ರಶ್ನೆಪತ್ರಿಕೆ ಸೋರಿದರೆ ಕೇಳಬೇಕು, ನೇಮಕಾತಿ ವರ್ಷಗಟ್ಟಲೆ ನಿಂತರೆ ಬೀದಿಗಿಳಿದೂ ಕೇಳಬೇಕು. ಕೇಳಿ ಬಂದ ಸಂಜೆ ಓದಿನ ಮೇಜಿಗೆ ಮರಳುವುದು ಸಾಧ್ಯವಾಗಬೇಕು, ಅಷ್ಟೇ.

ಮರಳುವುದು ಎಷ್ಟು ಕಷ್ಟ ಎಂಬುದನ್ನು ಗಂಗೂಬಾಯಿಯವರ ಕಂಠವೇ ಹೇಳುತ್ತದೆ. ಎಳೆಯ ವಯಸ್ಸಿನ ತಟ್ಟೆಗಳಲ್ಲಿ ಅವರದು ತೆಳುವಾದ, ಏರುದನಿ. ಆಮೇಲೆ ಗಂಟಲಿನ ಗಡ್ಡೆಗೆ ಚಿಕಿತ್ಸೆಯಾಗಿ ದನಿ ಇಳಿದು ಗಂಡಸಿನಂತಾಯಿತು. ಹಾಡಿಯೇ ಮನೆ ನಡೆಸಬೇಕಾದ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಅವರು ಹಳೆಯ ದನಿಗಾಗಿ ಕಾಯಲಿಲ್ಲ. ಇರುವ ದನಿಗೆ ಹೊಂದುವ ಶ್ರುತಿ ಹಿಡಿದು, ಇದ್ದ ಪಾಠವನ್ನೇ ಅದರಲ್ಲಿ ಹೊಸದಾಗಿ ಸಾಧಿಸಿದರು. ಇಂದು ನಾಲ್ಕು ಸ್ವರ ಕೇಳಿದರೆ ಇದು ಗಂಗೂಬಾಯಿ ಎಂದು ಗುರುತಿಸುವುದು ಆ ದನಿಯಿಂದಲೇ.

ಇಬ್ಬರಿಗೂ ಫಲ ಬಂದ ಹೊತ್ತುಗಳನ್ನು ನೋಡಿ. ಮನೆ ಬಿಟ್ಟ ಹದಿಮೂರು ವರ್ಷಗಳ ಮೇಲೆ, 1946ರಲ್ಲಿ ಗುರುಗಳ ಅರವತ್ತನೆಯ ಹುಟ್ಟುಹಬ್ಬದ ಕಛೇರಿಯಲ್ಲಿ ಭೀಮಸೇನರು ಹಾಡಿದಾಗ ಜನ ಅವರನ್ನು ಗುರುತಿಸಿದರು. ಅಷ್ಟು ಹೊತ್ತಿಗೆ ಗುರುಗಳಿಗೆ ಪಾರ್ಶ್ವವಾಯುವಾಗಿ ಹಾಡು ನಿಂತಿತ್ತು, ಕಲಿಸುವುದು ನಿಂತಿರಲಿಲ್ಲ. 1952ರಲ್ಲಿ ಅವರು ತೀರಿಕೊಂಡ ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಮೊದಲಿಟ್ಟರು. ಭಾರತರತ್ನ ಬಂದದ್ದು 2008ರಲ್ಲಿ. ಗಂಗೂಬಾಯಿಯವರಿಗೆ ಪದ್ಮಭೂಷಣ 1971ರಲ್ಲಿ, ಪದ್ಮವಿಭೂಷಣ 2002ರಲ್ಲಿ. 2003ರಲ್ಲಿ ಮೂಳೆಯ ಮಜ್ಜೆಯ ಕ್ಯಾನ್ಸರ್ ಬಂದು ಅದರಿಂದಲೂ ಎದ್ದರು. ಮರುವರ್ಷ ಜೊತೆಗೆ ಹಾಡುತ್ತಿದ್ದ ಮಗಳು ಕೃಷ್ಣಾ ಅವರನ್ನು ಕ್ಯಾನ್ಸರಿಗೆ ಕಳೆದುಕೊಂಡರು. ಆಮೇಲೂ 2006ರಲ್ಲಿ, ತೊಂಬತ್ಮೂರರ ವಯಸ್ಸಿನಲ್ಲಿ, ವೇದಿಕೆ ಹತ್ತಿ ಹಾಡಿದರು.

ಓದುವ ಮಕ್ಕಳೇ, ನಾಳೆಯಿಂದ ಇದನ್ನು ಮಾಡಿ ನೋಡಿ. ದಿನವನ್ನು ಮೂರು ಹೊತ್ತಾಗಿ ಮಾಡಿಕೊಂಡು ಹೊತ್ತಿಗೆ ಒಂದೇ ವಿಷಯ ಇಟ್ಟುಕೊಳ್ಳಿ. ಫಲಿತಾಂಶದ ಸುದ್ದಿ ಫೋನಿನಲ್ಲಿ ಬಂದಾಗ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ಆ ಹೊತ್ತಿನ ಪಾಠ ಮುಗಿಯುವ ತನಕ ಯಾರ ಜೊತೆಗೂ ಅದರ ಮಾತು ಬೇಡ. ಸಿಟ್ಟಿನಲ್ಲಿ ಪುಸ್ತಕ ಬದಲಾಯಿಸಬೇಡಿ, ಕೋಚಿಂಗ್ ಬದಲಾಯಿಸಬೇಡಿ, ಊರಿಗೆ ಹೋಗುವ ಬಸ್ಸು ಹತ್ತಬೇಡಿ. ಬದಲಾಯಿಸಲೇಬೇಕಾದರೆ ಒಂದು ವಾರ ಕಳೆದ ಮೇಲೆ, ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿ ಎದ್ದ ಮುಂಜಾನೆ ಬದಲಾಯಿಸಿ. ಊರಿನಿಂದ ಫೋನು ಮಾಡುವ ಅಪ್ಪಂದಿರೂ ‘ಏನಾಯಿತು, ಎಷ್ಟು ಬಂತು’ ಎಂದು ಕೇಳುವ ಬದಲು ‘ಇವತ್ತು ಏನು ಓದಿದೆ, ಊಟ ಆಯಿತೇ’ ಎಂದು ಕೇಳಬಹುದು. ಜೋಶಿ ಮಾಸ್ತರರು ಮಗನ ಅಂಗಿಯ ಮೇಲೆ ಬರೆಸಿದ್ದಕ್ಕೂ ಈ ಮಾತಿಗೂ ಬಹಳ ವ್ಯತ್ಯಾಸವಿಲ್ಲ.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗಾಗಿ ವರ್ಷವರ್ಷವೂ ಅಹೋರಾತ್ರಿ ಸಂಗೀತ ನಡೆಯುತ್ತದೆ. ಆ ಒಂದು ರಾತ್ರಿ ಓದು ಬಿಟ್ಟು ನಾಲ್ಕೈದು ಜನ ಸೇರಿಕೊಂಡು ಹೋಗಿ ಬನ್ನಿ. ರಾಗ ತಿಳಿಯದಿದ್ದರೂ ಅಡ್ಡಿಯಿಲ್ಲ. ವಿಲಂಬಿತ ನಡೆಯುವಾಗ ಮಧ್ಯೆ ಎದ್ದು ಬರಬೇಡಿ.